ಉಪ್ಪಿದೆ, ಬೇಳೆಯಿಲ್ಲ

ವೈಟ್‌ಫೀಲ್ಡ್ ಕಡೆಯ ಒಂದು ಮನೆಯ ತಾರಸಿ. ಮೆಟ್ಟಿಲು ಹತ್ತಿ ಬಂದರೆ ಮೊದಲು ಕಣ್ಣಿಗೆ ಬೀಳುವುದು ಗಿಡವಲ್ಲ, ಪೈಪು. ಸೊಂಟದೆತ್ತರದ ಸ್ಟ್ಯಾಂಡಿನ ಮೇಲೆ ತುಸು ಇಳಿಜಾರಾಗಿ ಮಲಗಿಸಿದ ಬಿಳಿ ಕೊಳವೆಗಳು. ಅವುಗಳ ತೂತುಗಳಿಂದ ಲೆಟ್ಯೂಸ್, ಬೇಸಿಲ್, ಮೂಲೆಯಲ್ಲಿ ನೆಂಟರ ಮನೆಗೆ ಬಂದಂತೆ ಕೂತ ಪಾಲಕ್. ಒಂದು ಗಿಡ ಎತ್ತಿ ನೋಡಿದೆ. ಬೇರು ಒಗೆದಿಟ್ಟ ನೂಲಿನ ಹಾಗೆ ಬೆಳ್ಳಗಿತ್ತು. ಅದರಡಿ ನೀರಿನ ತೆಳು ಪದರ ಹರಿಯುತ್ತಿತ್ತು, ಅಷ್ಟೇ. ಕರೆಂಟ್ ಹೋಗಿ ಪಂಪ್ ನಿಂತರೆ ಬಿಸಿಲಿಗೆ ಕೆಲವೇ ಗಂಟೆಗಳಲ್ಲಿ ಎಲ್ಲವೂ ಬಾಡುತ್ತವೆ. ಮನೆಯ ಯುಪಿಎಸ್ ಈಗ ಇವುಗಳ ಸೇವೆಯಲ್ಲಿದೆ.

ಅಸಲಿ ಕಸುಬು ನೆರಳಿನಲ್ಲಿಟ್ಟ ಡ್ರಮ್ಮಿನ ಹತ್ತಿರ. ಪಕ್ಕದಲ್ಲಿ ‘ಎ’, ‘ಬಿ’ ಎಂದು ಬರೆದ ಎರಡು ಕ್ಯಾನು. ಒಂದರಲ್ಲಿ ಕ್ಯಾಲ್ಸಿಯಂ ನೈಟ್ರೇಟ್, ಇನ್ನೊಂದರಲ್ಲಿ ಸಲ್ಫೇಟು, ಫಾಸ್ಫೇಟುಗಳು. ಗಟ್ಟಿ ದ್ರಾವಣದಲ್ಲೇ ಎರಡನ್ನೂ ಸೇರಿಸಿದರೆ ತಳದಲ್ಲಿ ಸುಣ್ಣದಂಥ ಗಸಿ ಕೂರುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಮಣ್ಣಿಲ್ಲದ ಬೇಸಾಯಕ್ಕೆಂದು ರೂಪಿಸಿದ ‘ಅರ್ಕಾ ಸಸ್ಯ ಪೋಷಕ ರಸ’ವೂ ಎ, ಬಿ ಎಂದು ಎರಡು ಭಾಗಗಳಲ್ಲೇ ಬರುತ್ತದೆ.

ಆದರೆ ಇಲ್ಲಿ ರಸ ಬೆರೆಸುವ ಮೊದಲೇ ನೀರಿನಲ್ಲಿ ಬೇಕಾದಷ್ಟು ಕರಗಿರುತ್ತದೆ. ಟ್ಯಾಂಕರ್ ತರುವುದು ಕೊಳವೆಬಾವಿಯ ಗಡುಸು ನೀರು. ಮಣ್ಣಿನ ಸಹವಾಸ ಬೇಡವೆಂದು ತಾರಸಿ ಹತ್ತಿದವರನ್ನು ಬಂಡೆ ಹಿಂಬಾಲಿಸಿ ಬಂದಿದೆ. ಆ ನೀರಿನ ಬೈಕಾರ್ಬನೇಟು ಪಿಎಚ್ ಅನ್ನು ಮೇಲಕ್ಕೆ ತಳ್ಳುತ್ತಲೇ ಇರುತ್ತದೆ. ಗಿಡ ಕೇಳುವುದು 5.5ರಿಂದ 6.5. ಅದನ್ನು ಮೀರಿದರೆ ಕಬ್ಬಿಣ ದಕ್ಕದೆ ಎಳೆ ಎಲೆ ಹಳದಿಯಾಗಿ, ನರ ಮಾತ್ರ ಹಸಿರಾಗಿ ಉಳಿಯುತ್ತದೆ. ದಿನಾ ಬೆಳಿಗ್ಗೆ ಫಾಸ್ಫರಿಕ್ ಆಮ್ಲದ ಹನಿ ಹಾಕುವುದು ಅದಕ್ಕೇ.

ಇಸಿ (ವಿದ್ಯುತ್ ವಾಹಕತೆ) ಮೀಟರ್ ಅದ್ದಿದೆವು. 1.6. ಲೆಟ್ಯೂಸಿಗೆ ಒಪ್ಪುವ ಅಂಕಿ. ನಾನು ಮೆಚ್ಚಿ ತಲೆಯಾಡಿಸಿದೆ, ತೋಟದ ಯಜಮಾನರು ಆಡಿಸಲಿಲ್ಲ. ಮೀಟರ್ ಒಟ್ಟು ಲವಣವನ್ನು ಅಳೆಯುತ್ತದೆ, ಯಾವ ಲವಣವೆಂದು ಬಾಯಿ ಬಿಡುವುದಿಲ್ಲ. ಗಿಡ ಸಾರಜನಕ, ಪೊಟ್ಯಾಶಿಯಂ ಹೀರಿಕೊಂಡು ಸೋಡಿಯಂ ಬಿಟ್ಟಿರುತ್ತದೆ. ಇಂಗಿದ ನೀರಿನ ಜಾಗಕ್ಕೆ ಮತ್ತೆ ಅದೇ ಗಡುಸು ನೀರು. ಕೆಲವು ವಾರದಲ್ಲಿ ಅಂಕಿ ಅದೇ, ಸಾರು ಬೇರೆ. ಉಪ್ಪಿದೆ, ಬೇಳೆಯಿಲ್ಲ. ಆಗ ಡ್ರಮ್ ಖಾಲಿ ಮಾಡಲೇಬೇಕು.

ಆರ್‌ಒ ಹಾಕಬಹುದಲ್ಲ ಎಂದೆ. ದುಡ್ಡು ಕೊಟ್ಟು ತರಿಸಿದ ನೀರಿನ ಒಂದು ಪಾಲನ್ನು ಮೋರಿಗೆ ಬಿಡಲು, ಬೆಂಗಳೂರಿನ 2024ರ ಬೇಸಿಗೆಯ ನೀರಿನ ಬರ ಕಂಡ ಮೇಲೆ, ಮನಸ್ಸಿಲ್ಲವಂತೆ. ಅವರ ನೆಚ್ಚಿಕೆ ಮಳೆಯ ಮೇಲೆ. ಮಳೆನೀರಿನ ಇಸಿ ಸೊನ್ನೆಗೆ ಹತ್ತಿರ. ವರ್ಷಕ್ಕೆ 900 ಮಿ.ಮೀ. ಎಂದುಕೊಂಡರೂ 30×40 ಅಡಿಯ ಸೂರಿನ ಮೇಲೆ ಒಂದು ಲಕ್ಷ ಲೀಟರ್ ಬೀಳುತ್ತದೆ. ಹಿಡಿದಿಡಲು ಸಂಪ್ ಎಲ್ಲಿ ಎನ್ನುವುದು ಆ ಮನೆಯ ಹಳೆಯ ಜಗಳ, ನಾನು ತಲೆ ಹಾಕಲಿಲ್ಲ. ಸದ್ಯ ಅರ್ಧ ಮಳೆ, ಅರ್ಧ ಟ್ಯಾಂಕರ್.

ಖಾಲಿ ಮಾಡಿದ ದ್ರಾವಣ? ಮೋರಿಗೆ ಬಿಟ್ಟರೆ ನೈಟ್ರೇಟು, ಫಾಸ್ಫೇಟು ಕೆರೆಯ ದಾರಿ ಹಿಡಿಯುತ್ತವೆ. ವರ್ತೂರು ಕೆರೆಯ ಪಾಡು ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ. ಇಳಿಯುವಾಗ ನೋಡಿದೆ, ತಾರಸಿಯಿಂದ ಒಂದು ಹಸಿರು ಹೋಸು ಕಾಂಪೌಂಡಿಗೆ ಇಳಿದಿತ್ತು. ಅದರ ತುದಿಯಲ್ಲಿ ಎರಡು ಬಾಳೆ, ಆಳೆತ್ತರ ಮೀರಿದ ಒಂದು ಕರಿಬೇವು, ಮಣ್ಣಿನಲ್ಲಿ.