ಬೀಗವೂ ಒಡೆಯನೂ: ಸ್ಮಾರ್ಟ್‌ಫೋನಿನ ರಕ್ಷಣೆಯನ್ನು ಕುರಿತು ಒಂದು ವಿಚಾರ

ಬೀಗವು ಕಳ್ಳನನ್ನು ತಡೆಯುವುದು ಎಂದೋ ಒಂದು ದಿನ. ಒಡೆಯನನ್ನು ತಡೆಯುವುದು ಪ್ರತಿದಿನ. ಆದುದರಿಂದ ಬೀಗ ಎಷ್ಟು ಬಿಗಿಯಾಗಿರಬೇಕೆಂಬ ಪ್ರಶ್ನೆಯೊಡನೆ, ಒಡೆಯನು ಎಷ್ಟು ತೊಂದರೆಯನ್ನು ತಾಳಬಲ್ಲನೆಂಬ ಪ್ರಶ್ನೆಯೂ ಸೇರಿಯೇ ಇರುತ್ತದೆ. ಇಂದು ಸ್ಮಾರ್ಟ್‌ಫೋನಿನ ವಿಷಯದಲ್ಲಿ ಇದು ಮತ್ತೆ ಎದ್ದಿದೆ. ಹತ್ತೊಂಬತ್ತನೆಯ ಶತಮಾನದ ಬೀಗಗಳ ಚರಿತ್ರೆಯಿಂದ ಇದಕ್ಕೊಂದು ಉತ್ತರ ದೊರೆಯುವುದೆಂದು ನಾವು ಭಾವಿಸುತ್ತೇವೆ.

೧೮೧೭ರಲ್ಲಿ ಇಂಗ್ಲೆಂಡಿನ ಪೋರ್ಟ್ಸ್‌ಮತ್ ನೌಕಾಂಗಣದಲ್ಲಿ ಕಳವಾಯಿತು. ತನ್ನ ಕೀಲಿಕೈಯಿಂದಲ್ಲದೆ ಬೇರೆ ಯಾವುದರಿಂದಲೂ ತೆರೆಯದ ಬೀಗವನ್ನು ರಚಿಸುವವರಿಗೆ ಸರ್ಕಾರವು ಬಹುಮಾನವನ್ನು ಸಾರಿತು. ಮರುವರ್ಷ ಜೆರಮೈಯ ಚಬ್ ಎಂಬಾತನು ರಚಿಸಿದ ಬೀಗದಲ್ಲಿ ಒಂದು ವಿಶೇಷವಿದ್ದಿತು. ಕಂಬಿಯನ್ನೋ ಕಳ್ಳಕೀಲಿಯನ್ನೋ ಹಾಕಿ ತಿರುಗಿಸಿದರೆ ಅದು ಒಳಗೇ ಸಿಕ್ಕಿಕೊಳ್ಳುತ್ತಿತ್ತು. ಬಳಿಕ ಸರಿಯಾದ ಕೀಲಿಕೈಗೂ ತೆರೆಯುತ್ತಿರಲಿಲ್ಲ. ಯಾರೋ ಕೈಯಾಡಿಸಿದ್ದಾರೆಂದು ಒಡೆಯನಿಗೆ ಇದರಿಂದ ತಿಳಿಯುತ್ತಿತ್ತು. ಆದರೆ ಅದನ್ನು ಸರಿಪಡಿಸಲು ಎರಡನೆಯ ಕೀಲಿಕೈಯೊಂದು ಬೇಕಾಗಿತ್ತು. ೧೮೨೪ರ ಸುಧಾರಣೆಯಲ್ಲಿ ಅದನ್ನು ಕೈಬಿಟ್ಟು, ಒಡೆಯನ ಕೀಲಿಕೈಯಿಂದಲೇ ಸರಿಪಡಿಸಬಹುದಾದಂತೆ ಮಾಡಿದರು. ಹೀಗೆ ಬೀಗದ ಪತ್ತೆ ಹಚ್ಚುವ ಗುಣ ಉಳಿದು, ಒಡೆಯನ ತೊಂದರೆ ಮಾತ್ರ ಕಡಮೆಯಾಯಿತು. ತಪ್ಪು ಸಂಖ್ಯೆಯನ್ನು ಪದೇ ಪದೇ ಒತ್ತಿದರೆ ಇಂದಿನ ಫೋನು ಕೆಲಕಾಲ ಯಾವ ಸಂಖ್ಯೆಯನ್ನೂ ಸ್ವೀಕರಿಸದಿರುವುದು ಈ ಬೀಗವನ್ನು ನೆನಪಿಗೆ ತರುತ್ತದೆ.

ಇದಕ್ಕಿಂತಲೂ ಮುಖ್ಯವಾದ ನಿದರ್ಶನ ಅಮೆರಿಕದ್ದು. ಅಂಕೆಗಳ ಜೋಡಣೆಯಿಂದ ತೆರೆಯುವ ಬೀಗಗಳು ಅಲ್ಲಿನ ಬ್ಯಾಂಕುಗಳಲ್ಲಿ ಬಳಕೆಗೆ ಬಂದ ತರುವಾಯ, ಕಳ್ಳರು ಬೀಗವನ್ನು ಬಿಟ್ಟು ಅಂಕೆಗಳನ್ನು ಬಲ್ಲ ಮನುಷ್ಯನನ್ನೇ ಹಿಡಿದರು. ೧೮೭೬ರ ಜನವರಿಯಲ್ಲಿ ಮ್ಯಾಸಚೂಸೆಟ್ಸಿನ ನಾರ್ತಾಂಪ್ಟನ್ ಊರಿನಲ್ಲಿ ಮುಸುಕು ಹಾಕಿದ ದರೋಡೆಗಾರರು ರಾತ್ರಿಯ ವೇಳೆ ಬ್ಯಾಂಕಿನ ಕ್ಯಾಷಿಯರನ ಮನೆಗೆ ನುಗ್ಗಿ, ಅವನನ್ನು ಹಿಂಸಿಸಿ ಅಂಕೆಗಳನ್ನು ಹೇಳಿಸಿಕೊಂಡರು. ಇಂತಹ ಅಪಾಯಕ್ಕೆ ಪರಿಹಾರವು ಆಗಲೇ ಸಿದ್ಧವಾಗಿತ್ತು. ರಾಚೆಸ್ಟರ್ ನಗರದ ಜೇಮ್ಸ್ ಸಾರ್ಜೆಂಟನು ೧೮೭೩ರಲ್ಲಿ ರಚಿಸಿದ ಕಾಲಬೀಗವು, ಒಳಗಿನ ಗಡಿಯಾರದಲ್ಲಿ ಗೊತ್ತುಪಡಿಸಿದ ವೇಳೆ ಬರುವವರೆಗೆ ಸರಿಯಾದ ಅಂಕೆಗಳಿಗೂ ತೆರೆಯುತ್ತಿರಲಿಲ್ಲ. ಇದರಿಂದ ಬ್ಯಾಂಕಿನವರು ಕಳೆದುಕೊಂಡದ್ದು ನಡುರಾತ್ರಿಯಲ್ಲಿ ಖಜಾನೆಯನ್ನು ತೆರೆಯುವ ಸೌಕರ್ಯವನ್ನು. ಅದರ ಅಗತ್ಯ ಅವರಿಗಿರಲಿಲ್ಲ, ಕಳ್ಳರಿಗಿತ್ತು. ಪ್ರಕೃತ ಪ್ರಶ್ನೆಯ ತಿರುಳು ಇಲ್ಲಿದೆ.

ಫೋನಿನ ಕಳವೂ ಇದೇ ಹಾದಿಯಲ್ಲಿ ನಡೆದಿರುವುದು ಕಂಡುಬರುತ್ತದೆ. ಮೊದಲು ಕಳ್ಳನಿಗೆ ಬೇಕಾಗಿದ್ದುದು ಫೋನೆಂಬ ವಸ್ತು. ಒಳಗಿನದನ್ನು ಅಳಿಸಿ ಮಾರಿದರೆ ಅವನ ಕೆಲಸ ಮುಗಿಯುತ್ತಿತ್ತು. ೨೦೧೩ರಲ್ಲಿ ಆಪಲ್ ಸಂಸ್ಥೆಯು ತಂದ ಆ್ಯಕ್ಟಿವೇಷನ್ ಲಾಕ್ ಮತ್ತು ೨೦೧೫ರಲ್ಲಿ ಆಂಡ್ರಾಯ್ಡ್ ೫.೧ರೊಡನೆ ಬಂದ ಅಂತಹುದೇ ಏರ್ಪಾಡು, ಅಳಿಸಿದ ಫೋನು ಹಿಂದಿನ ಒಡೆಯನ ಖಾತೆಯ ವಿವರವನ್ನು ಕೇಳುವಂತೆ ಮಾಡಿದುವು. ಕ್ಯಾಲಿಫೋರ್ನಿಯ ರಾಜ್ಯವು ೨೦೧೪ರಲ್ಲಿ ಇಂತಹ ರಕ್ಷಣೆಯನ್ನು ಶಾಸನದಿಂದ ಕಡ್ಡಾಯಗೊಳಿಸಿತು. ಒಡೆಯನಿಗೆ ಇದರಿಂದ ದಿನಬಳಕೆಯಲ್ಲಿ ಯಾವ ತೊಡಕೂ ಇಲ್ಲ.

ಆಗ ಕಳ್ಳನು ಮತ್ತೆ ಮನುಷ್ಯನ ಕಡೆಗೆ ತಿರುಗಿದನು. ಫೋನಿನ ಗುಪ್ತಸಂಖ್ಯೆಯನ್ನು ಒತ್ತುವಾಗ ಕದ್ದು ನೋಡಿ, ಅನಂತರ ಫೋನನ್ನು ಕಸಿದುಕೊಂಡು, ಆ ಸಂಖ್ಯೆಯೊಂದರಿಂದಲೇ ಖಾತೆಯ ಗುಪ್ತಪದವನ್ನು ಬದಲಿಸಿ ಒಡೆಯನನ್ನೇ ಹೊರಗಿಡುವ ಕ್ರಮವನ್ನು ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆಯು ೨೦೨೩ರ ಫೆಬ್ರವರಿಯಲ್ಲಿ ಬಯಲಿಗೆ ತಂದಿತು. ೨೦೨೪ರ ಜನವರಿಯಲ್ಲಿ ಐಓಎಸ್ ೧೭.೩ರೊಡನೆ ಬಂದ ಐಚ್ಛಿಕ ರಕ್ಷಣೆಯನ್ನು ಅಳವಡಿಸಿಕೊಂಡರೆ, ಮನೆ, ಕಚೇರಿ ಮೊದಲಾದ ಪರಿಚಿತ ಸ್ಥಳಗಳಿಂದ ದೂರವಿರುವಾಗ ಗುಪ್ತಪದವನ್ನು ಬದಲಿಸಲು ಮುಖವನ್ನೋ ಬೆರಳನ್ನೋ ತೋರಿಸಿ, ಒಂದು ಗಂಟೆ ಕಾದು, ಮತ್ತೊಮ್ಮೆ ತೋರಿಸಬೇಕು. ಇದು ಸಾರ್ಜೆಂಟನ ಕಾಲಬೀಗವೇ ಸರಿ. ಗುಪ್ತಪದವನ್ನು ನಡುಬೀದಿಯಲ್ಲಿ ನಿಂತು ಬದಲಿಸುವ ಅವಸರ ನಮ್ಮಲ್ಲಿ ಎಷ್ಟು ಜನರಿಗೆ, ಎಷ್ಟು ಸಲ ಬಂದೀತು?

ನಮ್ಮ ದೇಶದಲ್ಲಿ ೨೦೧೬ರಲ್ಲಿ ಯುಪಿಐ ಬಂದ ಮೇಲೆ ಫೋನು ಹಣದ ಚೀಲವೂ ಆಗಿದೆ. ಹೀಗಿರಲಾಗಿ ಎರಡು ಸಣ್ಣ ಏರ್ಪಾಡುಗಳನ್ನು ವಿದ್ಯಾರ್ಥಿಗಳು ಗಮನಿಸತಕ್ಕದ್ದು. ಮೊದಲನೆಯದು ಸಿಮ್‌ಗೆ ಇಡುವ ಪಿನ್. ಫೋನನ್ನು ಆರಿಸಿ ಮತ್ತೆ ಹೊತ್ತಿಸಿದಾಗ, ಇಲ್ಲವೆ ಸಿಮ್ಮನ್ನು ಬೇರೆ ಫೋನಿಗೆ ಹಾಕಿದಾಗ ಮಾತ್ರ ಇದನ್ನು ಕೇಳುವುದು. ಕಳ್ಳನು ಸಿಮ್ಮನ್ನು ತೆಗೆದು ತನ್ನ ಫೋನಿಗೆ ಹಾಕಿ ಬ್ಯಾಂಕಿನ ಓಟಿಪಿಗಳನ್ನು ಪಡೆಯುವುದು ಇದರಿಂದ ತಪ್ಪುತ್ತದೆ. ಎರಡನೆಯದು, ಬೀಗ ಹಾಕಿದ ತೆರೆಯ ಮೇಲೆ ಸಂದೇಶಗಳ ಒಕ್ಕಣೆ ಕಾಣದಂತೆ ಮಾಡುವುದು. ಇವಲ್ಲದೆ, ೨೦೨೩ರ ಮೇ ತಿಂಗಳಲ್ಲಿ ಆರಂಭವಾದ ಸಂಚಾರ್ ಸಾಥಿ ಜಾಲತಾಣದ ಮೂಲಕ ಕಳೆದುಹೋದ ಫೋನನ್ನು ದೇಶದ ಜಾಲಗಳಲ್ಲಿ ನಿರ್ಬಂಧಿಸಬಹುದು. ಅದಕ್ಕೆ ಬೇಕಾದ ೧೫ ಅಂಕೆಗಳ ಐಎಂಇಐ ಸಂಖ್ಯೆಯನ್ನು ಮೊದಲೇ ಕಾಗದದಲ್ಲಿ ಬರೆದಿಟ್ಟಿರುವುದು ಲೇಸು.

ಬಿಗಿ ಮಿತಿಮೀರಿದರೆ ವಿರುದ್ಧ ಫಲವೂ ಉಂಟು. ನೆನಪಿನಲ್ಲುಳಿಯದ ದೀರ್ಘ ಗುಪ್ತಪದವನ್ನು ಚೀಟಿಯಲ್ಲಿ ಬರೆದು ಫೋನಿನ ಹೊದಿಕೆಯೊಳಗೇ ಇಡುವವರಿದ್ದಾರೆ. ದುಡಿದು ಬೆರಳಗೆರೆ ಸವೆದ ವೃದ್ಧರಿಗೆ ಬೆರಳಚ್ಚಿನ ಬೀಗವು ಪ್ರತಿ ಸಲವೂ ಒಂದು ಪರೀಕ್ಷೆ. ಸಿಮ್ಮಿನ ಪಿನ್ ಮೂರು ಸಲ ತಪ್ಪಿದರೆ ಸಿಮ್ ನಿಂತುಹೋಗುವುದು. ಮತ್ತೆ ನಡೆಯಿಸಲು ಸೇವಾಸಂಸ್ಥೆಯಿಂದ ಪಿಯುಕೆ ಸಂಖ್ಯೆಯನ್ನು ಪಡೆಯಬೇಕು. ಇಂತಹ ತೊಡಕುಗಳಿಂದ ಬೇಸತ್ತು ಎಲ್ಲ ರಕ್ಷಣೆಯನ್ನೂ ತೆಗೆದುಹಾಕುವವನಿಗೆ ಉಳಿಯುವುದು ಏನೂ ಇಲ್ಲ. ಚಬ್ಬನ ಮೊದಲ ಬೀಗದಂತೆ ಇಲ್ಲಿಯೂ ಎರಡನೆಯ ಕೀಲಿಕೈ ಅಗತ್ಯ: ಖಾತೆಯನ್ನು ಮರಳಿ ಪಡೆಯುವ ಸಂಕೇತಗಳನ್ನು ಫೋನಿನಲ್ಲಿ ಇಡದೆ ಮನೆಯ ಪೆಟ್ಟಿಗೆಯಲ್ಲಿ ಇಡತಕ್ಕದ್ದು.

ಆದುದರಿಂದ ಪ್ರತಿಯೊಂದು ಏರ್ಪಾಡಿನ ವಿಷಯದಲ್ಲಿಯೂ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಯುಕ್ತ. ಇದು ತಡೆಯುವ ಕೆಲಸವನ್ನು ನಾವು ಎಷ್ಟು ಸಲ ಮಾಡುತ್ತೇವೆ? ಅದೇ ಕೆಲಸವನ್ನು ಕಳ್ಳನು ಒಮ್ಮೆ ಮಾಡಿದರೆ ಆಗುವ ನಷ್ಟವನ್ನು ತುಂಬಿಕೊಳ್ಳಬಹುದೆ? ದಿನಕ್ಕೆ ಹತ್ತಾರು ಸಲ ಮಾಡುವ, ನಷ್ಟ ಅಲ್ಪವಾಗಿರುವ ಕೆಲಸಗಳಿಗೆ ಹಾದಿ ಸುಗಮವಾಗಿರಲಿ. ವರ್ಷಕ್ಕೊಮ್ಮೆ ಮಾಡುವ, ನಷ್ಟ ತುಂಬಲಾರದ ಕೆಲಸಗಳಲ್ಲಿ ಒಂದು ಗಂಟೆ ಕಾಯುವುದರಿಂದ ನಮಗೆ ಹೆಚ್ಚಿನ ಹಾನಿಯಿಲ್ಲ. ಆ ಒಂದು ಗಂಟೆಯಲ್ಲಿ ಒಡೆಯನು ಮನೆ ಸೇರಿ, ಬ್ಯಾಂಕಿಗೆ ತಿಳಿಸಿ, ಫೋನನ್ನು ದೂರದಿಂದಲೇ ಮುಚ್ಚಿಬಿಡಬಹುದು.