ಮಂಜುಗಡ್ಡೆಯ ಕೆಳಗೆ ಯಾರು ಕೂಗುತ್ತಿದ್ದಾರೆ? ಸೀಲ್‌ಗಳ ದನಿ, ಋತು ಮತ್ತು ಬೆಳಕು

ಇಲ್ಲಿ ಉತ್ತರ ಜರ್ಮನಿಯಲ್ಲಿ ಡಿಸೆಂಬರ್ ಬಂತು ಅಂದ್ರೆ ಸಂಜೆ ನಾಲ್ಕಕ್ಕೇ ಕತ್ತಲು. ನಮಗೇ ಇದು ಕಷ್ಟ. ಇನ್ನು ತಿಂಗಳುಗಟ್ಟಲೆ ಸೂರ್ಯನೇ ಕಾಣದ ಕಡೆ, ಅದೂ ಮಂಜುಗಡ್ಡೆಯ ಕೆಳಗಿನ ನೀರಿನಲ್ಲಿ ಬದುಕುವವರ ಕಥೆ ಏನು? ಇವತ್ತು ನಾವು ಮಾತಾಡೋದು ಅಂಟಾರ್ಕ್ಟಿಕಾದ ವೆಡೆಲ್ ಸೀಲ್ ಬಗ್ಗೆ.

ನಾನ್ನೂರು ಕಿಲೋ ದಾಟುವ ಪ್ರಾಣಿ ಇದು. ಉಸಿರಾಡುವ ರಂಧ್ರ ಮುಚ್ಚಿಹೋಗದಂತೆ ಹಲ್ಲಿನಿಂದ ಮಂಜುಗಡ್ಡೆ ಕೆರೆಯುತ್ತಾ ಚಳಿಗಾಲ ಕಳೆಯುತ್ತೆ. ಮೆಕ್‌ಮರ್ಡೋ ಕೊಲ್ಲಿಯಲ್ಲಿ ಏಪ್ರಿಲ್ ಕೊನೆಗೆ ಮುಳುಗಿದ ಸೂರ್ಯ ಮತ್ತೆ ಮುಖ ತೋರಿಸೋದು ಆಗಸ್ಟ್‌ನಲ್ಲಿ.

ಇವುಗಳ ದನಿ ಮೊದಲ ಸಲ ಕೇಳಿದವರು ಇದು ಪ್ರಾಣಿಯದ್ದು ಅಂತ ನಂಬೋದಿಲ್ಲ. ಮೇಲಿನ ಸ್ವರದಿಂದ ಜಾರಿ ಇಳಿಯುವ ಉದ್ದನೆಯ ಕಂಪನ, ಸಿಳ್ಳೆ, ಚಿಲಿಪಿಲಿ, ಥೇಟ್ ಸಿನಿಮಾದ ಲೇಸರ್ ಗನ್! ಮೆಕ್‌ಮರ್ಡೋದಲ್ಲಿ 34 ಬಗೆಯ ಕೂಗುಗಳಿವೆ ಎಂದು 1982ರಲ್ಲೇ ವರ್ಗೀಕರಿಸಲಾಗಿತ್ತು. 2020ರಲ್ಲಿ ಒರೆಗಾನ್ ವಿಶ್ವವಿದ್ಯಾಲಯದ ಪಾಲ್ ಸಿಕೊ ಮತ್ತು ಸಂಗಡಿಗರು ನಮ್ಮ ಕಿವಿಗೆ ಕೇಳದ, ಶ್ರವಣಾತೀತ ಕೂಗುಗಳನ್ನೂ ವರದಿ ಮಾಡಿದರು. ನಮ್ಮ ಕಿವಿಯ ಮಿತಿ ಸುಮಾರು 20 ಕಿಲೋಹರ್ಟ್ಜ್. ಇವುಗಳಲ್ಲಿ ಕೆಲವು 50ರ ಹತ್ತಿರ ಹೋಗುತ್ತವೆ.

ಸರಿ, ಯಾವಾಗ ಕೂಗುತ್ತವೆ? ಇದಕ್ಕೆ ವರ್ಷವಿಡೀ ಕಿವಿಗೊಟ್ಟು ಕೂರಬೇಕು. ಬ್ರೆಮರ್‌ಹಾಫೆನ್‌ನ ಆಲ್ಫ್ರೆಡ್ ವೆಗೆನರ್ ಸಂಸ್ಥೆ ಅದನ್ನೇ ಮಾಡಿತು. ಎಕ್‌ಸ್ಟ್ರಾಮ್ ಹಿಮಹಾಸಿನಲ್ಲಿ ರಂಧ್ರ ಕೊರೆದು, ಕೆಳಗಿನ ನೀರಿಗೆ ಹೈಡ್ರೋಫೋನ್ ಇಳಿಸಿತು. ಪಲಾವೊಆ ಎಂಬ ಈ ಕೇಂದ್ರ 2005ರ ಕೊನೆಯಲ್ಲಿ ಶುರುವಾಯಿತು. ಅಲ್ಲಿ ಕೇಳಿಸಿದ್ದು ಒಂದು ಸರದಿ: ವೆಡೆಲ್ ಸೀಲ್ ಹೆಚ್ಚುಕಮ್ಮಿ ವರ್ಷವಿಡೀ, ಆಗಸ್ಟ್‌ನಿಂದ ಕ್ರ್ಯಾಬ್‌ಈಟರ್, ಅಕ್ಟೋಬರ್‌ನಿಂದ ಲೆಪರ್ಡ್ ಸೀಲ್, ಡಿಸೆಂಬರ್‌ನಿಂದ ರಾಸ್ ಸೀಲ್.

ವೆಡೆಲ್ ಸೀಲ್‌ಗಳ ಕೂಗು ಜೋರಾಗೋದು ವಸಂತದಲ್ಲಿ. ಗಂಡುಗಳು ನೀರಿನಡಿಯ ತಮ್ಮ ಗಡಿ ಕಾಯುವ, ಹೆಣ್ಣುಗಳು ಮರಿ ಹಾಕುವ ಕಾಲ ಅದು. ಹಾಗಾದ್ರೆ ಬೆಳಕು ಬಂತು, ಕೂಗು ಬಂತು, ಮುಗೀತು ಅಲ್ವಾ? ಆತುರ ಬೇಡ. ಬೆಳಕು, ಸಂತಾನದ ಕಾಲ ಎರಡೂ ಒಟ್ಟಿಗೇ ಬರುತ್ತವೆ. ಯಾವುದು ಕಾರಣ ಅಂತ ವರ್ಷದ ಗ್ರಾಫ್ ನೋಡಿ ಹೇಳೋಕಾಗಲ್ಲ. ಹಗಲು ರಾತ್ರಿ ಎರಡೂ ಇರುವ ವಾರಗಳನ್ನು ಆರಿಸಿ, ಅದೇ ದಿನದ ಬೆಳಕನ್ನೂ ಕತ್ತಲನ್ನೂ ಹೋಲಿಸಬೇಕು.

ಅದರಲ್ಲೂ ಒಂದು ತೊಡಕಿದೆ. ಲೆಪರ್ಡ್ ಸೀಲ್ ಹಗಲು ಹೊತ್ತು ಮಂಜುಗಡ್ಡೆಯ ಮೇಲೆ ಬಿದ್ದುಕೊಂಡಿರುತ್ತೆ, ರಾತ್ರಿ ನೀರಿನಲ್ಲಿ ಕೂಗುತ್ತೆ. ಹಗಲಿನ ಮೌನಕ್ಕೆ ಅರ್ಥ ಸೀಲ್ ಇಲ್ಲ ಅಂತಲ್ಲ. ಅದು ಮೇಲೆ ನಿದ್ದೆ ಮಾಡ್ತಿದೆ ಅಷ್ಟೆ.

ಕತ್ತಲಲ್ಲಿ ಡಾಲ್ಫಿನ್ ಥರ ಪ್ರತಿಧ್ವನಿ ಕೇಳಿ ದಾರಿ ಹುಡುಕುತ್ತವೆಯೇ? ಹಾಗಿದ್ದರೆ ಕತ್ತಲು ಹೆಚ್ಚಿದಷ್ಟೂ ಅಂಥ ಕೂಗು ಹೆಚ್ಚಬೇಕಿತ್ತು. ಚಳಿಗಾಲದ ನೀರು ವಸಂತಕ್ಕಿಂತ ಮೌನ. ಸೀಲ್‌ಗಳು ಪ್ರತಿಧ್ವನಿ ಬಳಸುತ್ತವೆ ಎನ್ನಲು ಗಟ್ಟಿ ಪುರಾವೆಯೂ ಸಿಕ್ಕಿಲ್ಲ. ಆದರೆ ಮೀಸೆ ಬಲು ಚುರುಕು: ಬಂದರು ಸೀಲ್‌ಗಳು ಕಣ್ಣು ಕಟ್ಟಿದರೂ ನೀರಿನಲ್ಲಿ ಉಳಿದ ಅಲೆಯ ಜಾಡು ಹಿಡಿದು ಹೋಗಬಲ್ಲವು ಎಂದು ಜರ್ಮನಿಯ ಸಂಶೋಧಕರು 2001ರಲ್ಲಿ ತೋರಿಸಿದರು.

ಇದೆಲ್ಲ ಯಾಕೆ ಮುಖ್ಯ? ಧ್ರುವದ ಕತ್ತಲಲ್ಲಿ ಸೀಲ್‌ಗಳನ್ನು ಕಣ್ಣಿಂದ ಎಣಿಸೋಕಾಗಲ್ಲ, ಕಿವಿಯೇ ಗತಿ. 2023ರ ಚಳಿಗಾಲದಲ್ಲಿ ಅಂಟಾರ್ಕ್ಟಿಕಾದ ಸಮುದ್ರದ ಮಂಜುಗಡ್ಡೆ ದಾಖಲೆ ಮಟ್ಟಕ್ಕೆ ಕುಸಿಯಿತು. ಸೂರ್ಯ ಮಾತ್ರ ಪ್ರತಿವರ್ಷ ಅದೇ ದಿನ ಬರುತ್ತಾನೆ. ಸೀಲ್ ಸೂರ್ಯನ ಲೆಕ್ಕದಲ್ಲಿ ಸಿದ್ಧವಾಗಿ, ಮರಿ ಹಾಕಲು ಮಂಜುಗಡ್ಡೆಯೇ ಗಟ್ಟಿಯಾಗಿಲ್ಲದಿದ್ದರೆ? ಮುಂದೊಂದು ವರ್ಷ ಆ ನೀರು ಮೌನವಾದರೆ, ಅದು ನಿದ್ದೆಯೋ ನಷ್ಟವೋ ಅಂತ ತಿಳಿಯಬೇಕಲ್ಲ. ಅದಕ್ಕೆ ಇವತ್ತಿನ ಧ್ವನಿಮುದ್ರಣ ನಮ್ಮ ಹತ್ತಿರ ಇರಬೇಕು.