ವಿದ್ಯುದ್ವಾಹನಗಳ ಹಳೆಯ ಬ್ಯಾಟರಿಗಳೂ ಭದ್ರಾವತಿಯ ಪೂರ್ವನಿದರ್ಶನವೂ

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯು 1923ರಲ್ಲಿ ಕೆಲಸವನ್ನಾರಂಭಿಸಿದಾಗ ಅಲ್ಲಿಯ ಊದುಕುಲುಮೆಗೆ ಕಲ್ಲಿದ್ದಲಿನ ಬದಲಾಗಿ ಮಲೆನಾಡಿನ ಮರದ ಇದ್ದಲೇ ಇಂಧನವಾಗಿದ್ದಿತೆಂಬುದು ವಾಚಕರಿಗೆ ವಿದಿತವೇ ಇದೆ. ಅಷ್ಟಾಗಿ ಗಮನಕ್ಕೆ ಬಾರದ ಸಂಗತಿ ಇನ್ನೊಂದುಂಟು. ಮರವನ್ನು ಬಯಲಿನಲ್ಲಿ ಸುಡದೆ ಮುಚ್ಚಿದ ಪಾತ್ರೆಗಳಲ್ಲಿ ಕಾಯಿಸಿ, ಏಳುವ ಹೊಗೆಯನ್ನು ತಣಿಸಿ, ಅದರಿಂದ ಮರದ ಮದ್ಯಸಾರವನ್ನೂ ಸುಣ್ಣದ ಅಸಿಟೇಟನ್ನೂ ಟಾರನ್ನೂ ಇಳಿಸುತ್ತಿದ್ದರು. ಗಾಳಿಯ ಪಾಲಾಗತಕ್ಕುದನ್ನು ಸರಕನ್ನಾಗಿ ಮಾಡಿದ ಈ ಉದ್ಯಮವು ಇಂದು ಬೇರೊಂದು ಕಾರಣದಿಂದ ಸ್ಮರಣೀಯವಾಗಿದೆ.

ವಿದ್ಯುದ್ವಾಹನಗಳ ಲಿಥಿಯಂ ಬ್ಯಾಟರಿಯ ಒಳಗೆ ತಾಮ್ರದ ತಗಡಿನ ಮೇಲೆ ಗ್ರಾಫೈಟಿನ ಲೇಪವೂ, ಅಲ್ಯೂಮಿನಿಯಂ ತಗಡಿನ ಮೇಲೆ ಲಿಥಿಯಂ, ನಿಕ್ಕಲ್, ಕೋಬಾಲ್ಟ್, ಮ್ಯಾಂಗನೀಸುಗಳ ಆಕ್ಸೈಡಿನ ಲೇಪವೂ ಇರುತ್ತವೆ. ಬ್ಯಾಟರಿಯು ಸತ್ತಿತೆಂದರೆ ಲೋಹವು ಸತ್ತಿತೆಂದು ಅರ್ಥವಲ್ಲ. ಉಳಿದ ವಿದ್ಯುತ್ತನ್ನು ಹರಿಯಗೊಟ್ಟು, ಬಿಚ್ಚಿ, ಗಾಳಿ ತಾಕದಂತೆ ಅರೆದು ಜರಡಿ ಹಿಡಿದರೆ ಕಪ್ಪು ಪುಡಿಯೊಂದು ದೊರೆಯುತ್ತದೆ. ಬೆಲೆಯುಳ್ಳ ಲೋಹಗಳಲ್ಲಿ ಹೆಚ್ಚಿನವೆಲ್ಲ ಆ ಪುಡಿಯಲ್ಲಿಯೇ ಇವೆ.

ಮುಂದಿನ ದಾರಿಗಳು ಎರಡು. ಮೊದಲನೆಯದು ಭದ್ರಾವತಿಯವರಿಗೆ ಹೊಸದಲ್ಲ: ಕುಲುಮೆಯಲ್ಲಿ ಕರಗಿಸುವುದು. ಆಗ ತಾಮ್ರ, ನಿಕ್ಕಲ್, ಕೋಬಾಲ್ಟುಗಳು ಒಂದಾಗಿ ತಳಕ್ಕಿಳಿಯುತ್ತವೆ. ಲಿಥಿಯಂ ಮಾತ್ರ ಬಹುಮಟ್ಟಿಗೆ ಮೇಲೆ ತೇಲುವ ಕಿಟ್ಟವನ್ನು ಸೇರುತ್ತದೆ. ಕಿಟ್ಟವೆಂದರೆ ಹೊರಗೆ ಚೆಲ್ಲತಕ್ಕುದೆಂದು ನಮ್ಮ ಕಮ್ಮಾರರ ಎಣಿಕೆ. ಇಲ್ಲಿಯಾದರೋ ಬ್ಯಾಟರಿಗೆ ಹೆಸರು ಕೊಟ್ಟ ಲೋಹವೇ ಅದರಲ್ಲಡಗಿದೆ! ಎರಡನೆಯ ದಾರಿಯಲ್ಲಿ ಪುಡಿಯನ್ನು ಗಂಧಕಾಮ್ಲದಲ್ಲಿ ಕರಗಿಸಿ, ಲೋಹಗಳನ್ನು ಒಂದೊಂದಾಗಿ ಬೇರ್ಪಡಿಸಿ, ಕಡೆಗೆ ಸೋಡಿಯಂ ಕಾರ್ಬೊನೇಟನ್ನು ಹಾಕಿ ಲಿಥಿಯಮನ್ನು ಕಾರ್ಬೊನೇಟಾಗಿ ಇಳಿಸುತ್ತಾರೆ. ಇದು ನಿಧಾನವಾದರೂ ಲಿಥಿಯಂ ಕೈಬಿಡುವುದಿಲ್ಲ. ಕೊಳೆನೀರಿನ ತೊಂದರೆ ಮಾತ್ರ ಉಂಟು.

ಸೀಸದ ಬ್ಯಾಟರಿಯ ಮಾತು ಬೇರೆ. ಸೀಸವು 327 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗುವುದರಿಂದ ಗುಜರಿಯ ಹಿತ್ತಿಲಲ್ಲಿಯೂ ಅದನ್ನು ಕಾಯಿಸಿಬಿಡುತ್ತಾರೆ. ಅದರ ಹೊಗೆ ಮಕ್ಕಳ ಮೆದುಳಿಗೆ ವಿಷ. ಅದೇ ಧೈರ್ಯದಿಂದ ಲಿಥಿಯಂ ಬ್ಯಾಟರಿಯನ್ನು ಸುತ್ತಿಗೆಯಿಂದ ಒಡೆದರೆ ನಂದಿಸಲು ಕಷ್ಟವಾದ ಬೆಂಕಿಯೂ ಹೈಡ್ರೋಜನ್ ಫ್ಲೋರೈಡೆಂಬ ಘೋರ ಅನಿಲವೂ ಏಳಬಹುದು. ಶಿವಮೊಗ್ಗದಂಥ ಊರಿನಲ್ಲಿ ಮೊದಲು ಬೇಕಾದುದು ಕಾರ್ಖಾನೆಯಲ್ಲ, ಹಳೆಯ ಬ್ಯಾಟರಿಗಳನ್ನು ಜೋಪಾನವಾಗಿ ಕೂಡಿಡುವ ಸ್ಥಳವೆಂದು ನನ್ನ ಅಭಿಪ್ರಾಯ.

ಇನ್ನು ಲಾಭದ ವಿಷಯ. ಭದ್ರಾವತಿಯು ಹೊಗೆಯಿಂದ ಮದ್ಯಸಾರವನ್ನು ತೆಗೆಯತೊಡಗಿದ 1923ರಲ್ಲಿಯೇ ಜರ್ಮನಿಯವರು ಅದೇ ಪದಾರ್ಥವನ್ನು ಮರವಿಲ್ಲದೆ, ಅನಿಲಗಳಿಂದಲೇ, ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿದರು. ಮರದ ಮದ್ಯಸಾರದ ಪೇಟೆ ಜಗತ್ತಿನಲ್ಲೆಲ್ಲ ಕುಸಿಯಿತು. ಬ್ಯಾಟರಿಗಳಲ್ಲಿಯೂ ಇಂಥದೇ ಪಲ್ಲಟವು ನಡೆದಿದೆ. ಕೋಬಾಲ್ಟ್, ನಿಕ್ಕಲ್‌ಗಳಿಲ್ಲದ ಕಬ್ಬಿಣದ ಫಾಸ್ಫೇಟಿನ ಬ್ಯಾಟರಿಗಳು ಈಗ ವಿಶೇಷವಾಗಿ ಬಳಕೆಗೆ ಬಂದಿವೆ. ಅವುಗಳಿಂದ ಹೊರಡುವ ಕಬ್ಬಿಣಕ್ಕಾಗಿ, ಕೆಮ್ಮಣ್ಣುಗುಂಡಿಯ ಅದಿರನ್ನು ಕಂಡ ಜಿಲ್ಲೆಯವರು ಯಾರೂ ಹಣ ಕೊಡಲಾರರು. ಆದಾಯಕ್ಕೆ ಉಳಿದದ್ದು ತಾಮ್ರವೂ ಲಿಥಿಯಮ್ಮೂ ಮಾತ್ರ.

ಆದುದರಿಂದಲೇ ಶಾಸನದ ಒತ್ತಾಯ ಬೇಕಾಯಿತು. ಭಾರತ ಸರ್ಕಾರದ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ವಿದ್ಯುದ್ವಾಹನದ ಬ್ಯಾಟರಿಯ ಒಣ ತೂಕದಲ್ಲಿ 2024–25ಕ್ಕೆ ನೂರಕ್ಕೆ 70ರಷ್ಟನ್ನೂ 2026–27ರಿಂದ 90ರಷ್ಟನ್ನೂ ಹಿಂಪಡೆಯಬೇಕೆಂದು ವಿಧಿಸಿವೆ. ಆದರೆ ಅಳತೆ ತೂಕದ್ದು, ಲೋಹದ್ದಲ್ಲ. ಇಡೀ ಬ್ಯಾಟರಿಯಲ್ಲಿ ಲಿಥಿಯಂ ನೂರಕ್ಕೆ ಕೆಲವೇ ಪಾಲು. ಅದನ್ನೆಲ್ಲ ಕಿಟ್ಟದಲ್ಲಿ ಬಿಟ್ಟರೂ 90ರ ಲೆಕ್ಕವು ತುಂಬಬಹುದು.